ಗಂಡಕಿಯಲ್ಲಿ ಬಿಟ್ಟು ಬಂದದ್ದು

ನೇಪಾಳಕ್ಕೆ ಹೋಗಿ ಬಂದವಳೆಂದು ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ನನಗೀಗ ಸ್ವಲ್ಪ ಮರ್ಯಾದೆ ಹೆಚ್ಚಾಗಿದೆ. ಹೂವಿನವಳು ಬುಟ್ಟಿ ಇಳಿಸಿ, "ಹಿಮಾಲಯ ಹೆಂಗಿತ್ತವ್ವಾ?" ಎನ್ನುತ್ತಾಳೆ. ಕಾಣಲಿಲ್ಲ ಎಂದರೆ ನಂಬುವುದಿಲ್ಲ. "ಅಷ್ಟು ದೊಡ್ಡ ಗುಡ್ಡ ಕಾಣದಂಗ ಹೆಂಗ ಇರ್ತೈತಿ?" ಎಂದು ನಗುತ್ತಾಳೆ. ಅವಳಿಗೆ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ. ಎಷ್ಟು ಖರ್ಚಾಯಿತು, ಊಟಕ್ಕೆ ಏನು ಕೊಟ್ಟರು ಎಂದು ತಿಳಿಯಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ.

ನಮ್ಮ ಮನೆಯವರು ಶ್ರೀನಿವಾಸರಾಯರು ಭಜನಾ ಮಂಡಳಿಯ ಹಾಡುಗಾರರು. ಗುರುವಾರ ನಸುಕಿನಲ್ಲಿ ಮಂಡಳಿಯವರು ತಾಳ ಹಿಡಿದು ಓಣಿ ಸುತ್ತುವಾಗ ಮೊದಲ ಹಾಡು ಅವರದೇ ಆಗಬೇಕು. ಹೊಟ್ಟೆಪಾಡಿಗೆ ಮಾತ್ರ ಅವರು ಜೀವಮಾನವೆಲ್ಲ ಕೂತದ್ದು ಅದಿರಿನ ಲಾರಿ ತೂಗುವ ಕಟ್ಟೆಯ ಪಕ್ಕದ ತಗಡಿನ ಕೋಣೆಯಲ್ಲಿ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದವರು ಸಂಜೆ ಕೆಂಪಾಗಿ ಬರುತ್ತಿದ್ದರು. ಆ ಅಂಗಿ ನೆನೆಸಿದ ಬಕೆಟ್ಟಿನ ನೀರು ಕುಂಕುಮ ಕದಡಿದ ಹಾಗೆ ಇರುತ್ತಿತ್ತು. ಆಗ ನನಗೆ ಅದೇನೂ ಅನಿಸಿರಲಿಲ್ಲ. ಊರಿಗೆ ಊರೇ ಆ ದೂಳಿನಿಂದ ಉಣ್ಣುತ್ತಿತ್ತು. ನಮ್ಮ ಮನೆಯ ಮೇಲಿನ ಮಾಳಿಗೆ ಎದ್ದದ್ದೂ ಅದರಿಂದಲೇ.

ಈಗ ಅವರಿಗೆ ದೇವರಕೋಣೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಉಸಿರು ಸಾಲುವುದಿಲ್ಲ. ಹಾಡು ಎತ್ತಿದರೆ ಪಲ್ಲವಿಗೇ ಎದೆ ಸೀಟಿ ಹೊಡೆಯುತ್ತದೆ. ಡಾಕ್ಟರು ಮೊದಲು ಕೇಳಿದ್ದೇ ಬೀಡಿ ಸಿಗರೇಟಿನ ವಿಷಯ. ಅಡಿಕೆಯ ಚೂರನ್ನೂ ಬಾಯಿಗೆ ಹಾಕದ ಮನುಷ್ಯ ಇವರು. ಕೊನೆಗೆ ಬಾಯೊಳಗೆ ಹೊಡೆದುಕೊಳ್ಳುವ ಪಂಪು, ಗುಳಿಗೆ ಎಲ್ಲ ಬರೆದುಕೊಟ್ಟು, "ಸ್ವಲ್ಪ ದಿವಸ ಗಾಳಿ ಬದಲು ಮಾಡ್ರಿ ರಾಯರೆ" ಎಂದರು.

ನಾನು ನೇಪಾಳದ ಹಿಮಾಲಯದಲ್ಲಿ, ಗಂಡಕಿ ನದಿಯ ಪಕ್ಕದಲ್ಲಿರುವ ಮುಕ್ತಿನಾಥನಿಗೆ ಹರಕೆ ಹೊತ್ತೆ. ಗುಣವಾಗಲಿ ಎಂದು ಕೇಳಲಿಲ್ಲ, ಅದು ದುರಾಸೆ. ಒಂದೇ ಒಂದು ಹಾಡು, ಮೊದಲಿನಿಂದ ಕೊನೆಯವರೆಗೆ, ಓಣಿಯಲ್ಲಿ ನಿಂತು ಹಾಡುವಷ್ಟು ಉಸಿರು ಕೊಡು ಎಂದೆ. ಅಷ್ಟು ಎತ್ತರಕ್ಕೆ ಇವರು ಏರಕೂಡದೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ಪೋಖರಾ ಎಂಬ ಊರಿನ ಕೆರೆಯ ದಂಡೆಯಲ್ಲಿ ಇವರು ಒಳ್ಳೆಯ ಗಾಳಿ ಕುಡಿಯುತ್ತ ಕೂರುವುದು. ನಾನು ಮಾತ್ರ ಸಣ್ಣ ವಿಮಾನದಲ್ಲಿ ಮೇಲೆ ಹೋಗಿ, ಇವರ ಶಲ್ಯವನ್ನು ಅಲ್ಲಿನ ನೀರಿನ ಧಾರೆಗಳಿಗೆ ಹಿಡಿದು, ಹಸಿಯಾಗಿಯೇ ತಂದು ಎದೆಗೆ ಹೊದಿಸುವುದು. ಇಷ್ಟು ನಮ್ಮ ಯೋಚನೆ.

ಕುರುಗೋಡು

ದೂರದ ಯಾತ್ರೆಗೆ ಹೊರಟವರು ಹತ್ತಿರದವರ ಮನೆಗೆ ಹೋಗಿ ಹೇಳಿ ಬರಬೇಕು. ಕುರುಗೋಡಿನಲ್ಲಿ ನಮ್ಮವರ ಅಕ್ಕ ಇಂದಿರಾ ಅತ್ತಿಗೆ ಇದ್ದಾರೆ. ನಾವು ಹೋದಾಗ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಒಣಗಿಸಿದ್ದ ಸಂಡಿಗೆ ಕೀಳುತ್ತಿದ್ದರು.

"ಬಾರವ್ವಾ ನೇಪಾಳದಾಕಿ. ಅಲ್ಲಿ ಹೋಗಿ ಏನು ಬಿಟ್ಟು ಬರಾಕಿ?"

ದೊಡ್ಡ ತೀರ್ಥಕ್ಕೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿಯೇ ಬಿಟ್ಟು ಬರುವುದು ನಮ್ಮ ಮನೆತನಗಳಲ್ಲಿ ರೂಢಿ. ಒಬ್ಬರು ಹಾಗಲಕಾಯಿ ಬಿಡುತ್ತಾರೆ, ಇನ್ನೊಬ್ಬರು ಮಾವಿನಹಣ್ಣು. ಆಮೇಲೆ ಸಾಯುವವರೆಗೆ ಅದನ್ನು ಬಾಯಿಗಿಡುವಂತಿಲ್ಲ.

"ಕಾಫಿ ಬಿಡಬೇಕು ಅಂತ ಮಾಡೀನಿ" ಎಂದೆ.

"ನೀನು? ಕಾಫಿ?" ಅತ್ತಿಗೆ ತಮ್ಮನ ಕಡೆ ತಿರುಗಿದರು. "ಸೀನೂ, ಮುಂಜಾನಿ ಇಕಿ ಮುಂದ ನಿಂದರಬ್ಯಾಡಪ್ಪಾ, ತಲಿ ಒಡೀತಾಳ."

ನಗುತ್ತಲೇ ಅವರು ಪಂಚೆ ಎತ್ತಿ ಹಿಡಿದರು. ಸಂಡಿಗೆ ಇದ್ದ ಕಡೆಯಲ್ಲೆಲ್ಲ ದುಂಡು ದುಂಡಾಗಿ ಬಿಳಿ ಉಳಿದಿತ್ತು. ಮಿಕ್ಕ ಬಟ್ಟೆಯೆಲ್ಲ ಕಾಡಿಗೆ ಒರೆಸಿದ ಹಾಗೆ ಕಪ್ಪು. ಸಂಡಿಗೆಯ ಮೇಲ್ಮೈಯೂ ಅದೇ ಬಣ್ಣ.

"ನೋಡು, ಇದು ನಮ್ಮೂರಿನ ಎಕ್ಸರೇ" ಎಂದರು ಅತ್ತಿಗೆ. "ಗುಡ್ಡದ ಆಚಿ ಕಬ್ಬಿಣದ ಫ್ಯಾಕ್ಟರಿ ಐತಲ್ಲ, ಗಾಳಿ ಈ ಕಡಿ ತಿರುಗಿದ್ರ ಹಿಂಗ. ಹೊಲದಾಗ ಅರಳಿದ ಹತ್ತಿನೂ ಕರ್ರಗ. ಕೇಳಾಕ ಹೋದ್ರ, ನಮ್ದಲ್ಲ, ಲಾರಿ ಎಬ್ಬಿಸೋ ದೂಳು ಅಂತಾರ. ಲಾರಿಯವ್ರನ್ನ ಕೇಳಿದ್ರ ರಸ್ತಿ ಹದಗೆಟ್ಟೈತಿ ಅಂತಾರ. ರಸ್ತೀನ ಯಾರು ಕೇಳ್ಬೇಕು?"

ಆ ಸಂಡಿಗೆಯನ್ನು ಅವರು ಬಿಸಾಡಲಿಲ್ಲ. ಸೆರಗಿನಿಂದ ಒಂದೊಂದಾಗಿ ಒರೆಸಿ ಡಬ್ಬಿಗೆ ತುಂಬಿ ನಮಗೂ ಕಟ್ಟಿಕೊಟ್ಟರು. ಒರೆಸಿದರೆ ಹೋಗುವಂಥದ್ದು ಇನ್ನೂ ಇದೆಯಲ್ಲ, ಅದೊಂದು ಪುಣ್ಯ.

ಸಿರುಗುಪ್ಪ

ನನ್ನ ತವರು ಸಿರುಗುಪ್ಪ. ತಮ್ಮ ರಾಘುವಿನ ಗದ್ದೆ ರಾರಾವಿ ರಸ್ತೆಗಿದೆ. ಅಕ್ಕಿ ಮಿಲ್ಲುಗಳ ಬೂದಿ ತಪ್ಪಿಸಿಕೊಳ್ಳಲು ಮೂಗಿಗೆ ಸೆರಗು ಹಿಡಿದೇ ಊರು ದಾಟಿದೆವು. ಗದ್ದೆಯ ಹತ್ತಿರ ಬಂದರೆ ರಾಘು ಬದುವಿನ ಮೇಲೆ ನಿಂತಿದ್ದ. ಎದುರಿಗೆ ಕೊಯ್ಲಾದ ಗದ್ದೆಯ ಕೂಳೆಗೆ ಬೆಂಕಿ ಹತ್ತಿತ್ತು. ಹೊಗೆ ಹಾಸಿಗೆಯ ಹಾಗೆ ಅಡ್ಡಡ್ಡ ಮಲಗಿತ್ತು. ಆಟೋದಲ್ಲಿ ಕೂತಿದ್ದ ನಮ್ಮವರಿಗೆ ಕೆಮ್ಮು ಕಿತ್ತುಕೊಂಡು ಬಂತು. ಆಟೋದವನು ತಾನಾಗಿಯೇ ಗಾಡಿಯನ್ನು ಹಿಂದಕ್ಕೆ ಒಯ್ದ.

"ಏನೋ ಇದು? ಭಾವ ಬರ್ತಾರ ಅಂತ ಗೊತ್ತಿಲ್ಲೇನು?"

"ಕಾಲುವಿಗೆ ನೀರು ಬಿಟ್ಟಾಗ ಗದ್ದಿ ತಯಾರಿರಬೇಕಲ್ಲಕ್ಕಾ. ಮಷೀನು ಮ್ಯಾಲಿಂದ ಮ್ಯಾಲ ಕೊಯ್ದು ಹೋಗ್ತೈತಿ, ಕೂಳಿ ಮೊಣಕಾಲಮಟ ಉಳೀತೈತಿ. ಕೀಳಾಕ ಆಳು ಎಲ್ಲೈತಿ? ಮೇಯಾಕ ದನ ಎಲ್ಲೈತಿ? ಒಂದು ಕಡ್ಡಿ ಗೀರಿದ್ರ ಮುಗೀತು."

ಅಪ್ಪನ ಕಾಲದಲ್ಲಿ ಬುಡದವರೆಗೆ ಕುಡುಗೋಲು ಹಾಕುತ್ತಿದ್ದರು. ಹುಲ್ಲಿನ ಬಣವೆ ನಮ್ಮ ಮನೆಗಿಂತ ಎತ್ತರ ಇರುತ್ತಿತ್ತು. ಅದನ್ನು ಹೇಳಿದರೆ ಇವನು ನಗುತ್ತಾನೆ. ಆದರೂ ಕೇಳಿದೆ: "ನೀನೂ ಒಂದು ಬಿಡಪ್ಪಾ. ಇದನ್ನ ಬಿಡು. ನಿನ್ನ ಹೆಸರಿನಾಗ ಗಂಡಕಿಯೊಳಗ ಸಂಕಲ್ಪ ಮಾಡಿ ಬರ್ತೀನಿ."

"ನಾನೊಬ್ಬ ಬಿಟ್ರ ಹೊಗಿ ನಿಲ್ತೈತೇನಕ್ಕಾ? ಆ ಕಡಿ ನೋಡು, ಈ ಕಡಿ ನೋಡು, ಎಲ್ಲಾರೂ ಸುಡ್ತಾರ. ನಮ್ದು ಒಂದು ದಿನದ್ದು. ನಿಮ್ಮ ಬಳ್ಳಾರಿ ಕಡಿ ಚಿಮಣಿ ವರ್ಷಪೂರ್ತಿ ಉಗುಳ್ತಾವು. ಮೊದ್ಲು ಅವ್ರಿಂದ ಬಿಡಿಸು, ಹೋಗು."

ಕೆಟ್ಟವನಲ್ಲ ಅವನು. ಭಾವನಿಗೆಂದು ಎಳನೀರು ಕೆತ್ತಿಸಿ ಆಟೋದ ತನಕ ತಾನೇ ಓಡಿ ತಂದುಕೊಟ್ಟ. ಅವನ ಅಂಗಿಯ ಹೊಗೆಯ ವಾಸನೆಗೆ ನಮ್ಮವರು ಮತ್ತೆ ಕೆಮ್ಮಿದರು.

ಕಾಠ್ಮಂಡು

ನಾವು ಹೋದದ್ದು ಬಳ್ಳಾರಿಯ ಯಾತ್ರಿಕರ ಸಣ್ಣ ಗುಂಪಿನ ಜೊತೆ. ಕಾಠ್ಮಂಡುವಿನಲ್ಲಿ ವಿಮಾನ ಇಳಿದು ಹೊರಗೆ ಬಂದೆವು. ಸೂರ್ಯ ನೆತ್ತಿಯ ಮೇಲಿದ್ದರೂ ಬಿಸಿಲು ಇಲ್ಲ. ಎದುರಿನ ಗುಡ್ಡ ಇಲ್ಲ, ಬೀದಿಯ ತುದಿ ಇಲ್ಲ. ಎಲ್ಲ ಕಡೆ ಹಾಲು ಹೊಯ್ದ ಹಾಗೆ ಬಿಳಿ.

ನಾವು ಬಳ್ಳಾರಿಯವರು. ಹುಟ್ಟಿದಾಗಿನಿಂದ ಬಿಸಿಲು, ಬಂಡೆ. ಮಂಜು ಎಂಬುದನ್ನು ಕ್ಯಾಲೆಂಡರಿನಲ್ಲಿ ಕಂಡವರು. ಗುಂಪಿನ ಸುಬ್ಬಮ್ಮನವರಿಗೆ ಸಂತೋಷವಾದರೆ ತೆಲುಗು ಬರುತ್ತದೆ. "ಅಬ್ಬಾ, ಎಂತ ಮಂಚು ಚೂಡಂಡಿ! ಹಿಮವಂತನೇ ನಮ್ಮನ್ನ ಎದುರುಗೊಳ್ಳಾಕ ಬಂದಾನ!" ಎಂದು ಕೈ ಮುಗಿದರು. ಎಲ್ಲರೂ ಮುಗಿದೆವು. ಒಬ್ಬರು ಬ್ಯಾಗಿನಿಂದ ಮಂಕಿಕ್ಯಾಪು ತೆಗೆದರು. ಅದನ್ನು ನೋಡಿ ಮಿಕ್ಕವರೂ ಶಾಲು, ಸ್ವೆಟರು ಹೊರಗೆ ಎಳೆದರು. ಸೆಕೆಯಲ್ಲಿ ಬೆವರುತ್ತ, ಉಣ್ಣೆ ಹೊದ್ದು, "ಚಳಿ, ಚಳಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಸುಬ್ಬಮ್ಮನವರಂತೂ ಫುಟ್‌ಪಾತಿನ ಮೇಲೆಯೇ ಕರ್ಪೂರ ಹಚ್ಚಿ ಆ ಬಿಳಿಗೆ ಬೆಳಗಿದರು.

ನಾನು ಮಂಗಳಾರತಿಗೆ ಕೈ ಚಾಚಿದವಳು ಹಾಗೇ ನಿಂತೆ. ಕರ್ಪೂರದ ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು. ಅದು ನನಗೆ ಗೊತ್ತು. ತವರಿನ ವಾಸನೆ. ಸುಟ್ಟ ಕೂಳೆ.

"ರೀ," ಎಂದೆ ನಮ್ಮವರಿಗೆ, "ಮೂಗು ಮುಚ್ಚಿಕೊಳ್ರಿ. ಇದು ಮಂಜಲ್ಲ."

"ಸುಮ್ಮನಿರು, ಎಲ್ಲಾರೂ ಖುಷಿಯಾಗ್ಯಾರ" ಎಂದರು ಅವರು. ಅಷ್ಟು ಹೇಳಲು ನಡುವೆ ಒಮ್ಮೆ ನಿಲ್ಲಬೇಕಾಯಿತು.

ವ್ಯಾನಿನ ಡ್ರೈವರು ಸಾಮಾನು ಏರಿಸುತ್ತ ನಮ್ಮ ವೇಷ ನೋಡಿ ತುಟಿ ಕಚ್ಚಿ ನಗು ತಡೆದ. "ಮಾತಾಜಿ, ಏ ಧುವಾಂ ಹೈ" ಎಂದ. ಹೊಗೆ ಎಂದು ಅರ್ಥವಾದದ್ದೇ ತಡ, ಎಲ್ಲರೂ ಟೋಪಿ ತೆಗೆದರು. ಸುಬ್ಬಮ್ಮನವರು ಮಾತ್ರ ವ್ಯಾನು ಹತ್ತಿದ ಮೇಲೆ ನನ್ನ ಕಿವಿಯಲ್ಲಿ, "ಹಚ್ಚಿದ ಕರ್ಪೂರ ಯಾರಿಗೆ ಮುಟ್ಟಿತವ್ವಾ ಹಂಗಾರ?" ಎಂದರು.

ದಾರಿಯುದ್ದಕ್ಕೂ ಡ್ರೈವರು ತೋರಿಸಿದ. ಆ ಕಡೆ ಇಟ್ಟಿಗೆ ಭಟ್ಟಿ, ಈ ಕಡೆ ಅಗೆದು ಬಿಟ್ಟ ರಸ್ತೆ, ಕಸದ ಗುಡ್ಡೆಗೆ ಬೆಂಕಿ, ಮುಂದೆ ಕಪ್ಪು ಕಾರುವ ಹಳೆಯ ಬಸ್ಸು. ನಮ್ಮದು ಬಟ್ಟಲಿನ ಆಕಾರದ ಊರು, ಸುತ್ತ ಗುಡ್ಡ, ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ ಎಂದ. ನಾನು ನನ್ನ ಅರೆಬರೆ ಹಿಂದಿಯಲ್ಲಿ, "ಗದ್ದೆ ಸುಟ್ಟ ವಾಸನೆ ಬರುತ್ತಿದೆಯಲ್ಲ?" ಎಂದು ಕೇಳಿದೆ. "ಅದು ಕೆಳಗಿನ ಬಯಲಿನದು. ನಿಮ್ಮ ಇಂಡಿಯಾದಿಂದಲೂ ಬರುತ್ತದೆ, ಮಾತಾಜಿ" ಎಂದ. ತಮ್ಮನ ಪರವಾಗಿ ಏನಾದರೂ ಹೇಳಬೇಕೆನಿಸಿತು. ಸಿರುಗುಪ್ಪದ ಹೊಗೆ ಇಷ್ಟು ದೂರ ಬಂದಿರಲಾರದು. ಆದರೆ ಇಲ್ಲಿಯವರೆಗೆ ಯಾರ ತಮ್ಮನದೋ ಬಂದಿತ್ತು.

ಪೋಖರಾ

ಪೋಖರಾದ ನಮ್ಮ ವಸತಿಗೃಹದ ಒಡತಿ ಮಾಯಾ ಎಂಬಾಕೆ ಬಲು ಒಳ್ಳೆಯವಳು. ಮಡಿಯಲ್ಲಿ ಅಡುಗೆ ಮಾಡಿಕೊಳ್ಳಲು ನನಗೊಂದು ಮೂಲೆ ತೆರವು ಮಾಡಿಕೊಟ್ಟಳು. ಚಹಾ ಕೊಡುವಾಗ ಬಲಗೈಯ ಮೊಣಕೈಗೆ ಎಡಗೈ ತಾಗಿಸಿ ಕೊಡುತ್ತಾಳೆ. ನಮ್ಮಲ್ಲಿ ದಾನ ಕೊಡುವಾಗ ಮಾತ್ರ ಇಂಥ ವಿನಯ. ಅವಳ ಪಡಸಾಲೆಯ ಗೋಡೆಗೆ ಹಿಮದ ಶಿಖರದ ದೊಡ್ಡ ಫೋಟೋ ತೂಗುಹಾಕಿದ್ದಳು.

"ಇದು ಎಲ್ಲಿದೆ?" ಎಂದು ಕೇಳಿದೆ.

ಅವಳು ಪಕ್ಕದ ಕಿಟಕಿ ತೋರಿಸಿದಳು. "ಅಲ್ಲೇ."

ಅಲ್ಲಿ ಏನೂ ಇರಲಿಲ್ಲ. ಬೂದಿ ಬಣ್ಣದ ಪರದೆ. ಕೆರೆಯೂ ಅರ್ಧಕ್ಕೆ ಮುಗಿದುಹೋಗಿತ್ತು. ಸುತ್ತಲಿನ ಕಾಡಿಗೆ ಬೆಂಕಿ ಬಿದ್ದಿದೆ, ಮಳೆ ಬರದೆ ಆರುವುದಿಲ್ಲ ಎಂದಳು. ಯಾರು ಹಚ್ಚಿದ್ದು? ಕೆಲವರು ಹೊಸ ಹುಲ್ಲು ಚಿಗುರಲೆಂದು ಹಚ್ಚುತ್ತಾರಂತೆ, ಕೆಲವು ಬೀಡಿಯ ಕಿಡಿಯಿಂದ ಹತ್ತಿದ್ದಂತೆ, ಕೆಲವು ಯಾರೂ ಹಚ್ಚಿದ್ದಲ್ಲವಂತೆ. ಅವಳ ಗಂಡ ಮೂಗಿನ ಮುಸುಕು ಇಳಿಸಿ, "ಗಾಳಿಗೆಂದೇ ಜನ ನಮ್ಮೂರಿಗೆ ಬರುತ್ತಿದ್ದರು" ಎಂದು ಮತ್ತೆ ಏರಿಸಿಕೊಂಡ.

ಬೆಳಗಾದರೆ ನಾನು ಶಲ್ಯ ಮಡಿಚಿ ಚೀಲದಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೋಗುವುದು, ದಾರಿ ಕಾಣದೆ ವಿಮಾನ ಏರುವುದಿಲ್ಲವೆಂದು ಹೇಳಿಸಿಕೊಂಡು ಬರುವುದು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಗುಂಪಿನವರು ಜೀಪು ಮಾಡಿಕೊಂಡು ಗುಡ್ಡದ ದಾರಿ ಹಿಡಿದರು. "ಬರ್ತೀರೇನು ಪದ್ಮಾವತಮ್ಮಾ?" ಎಂದು ಸುಬ್ಬಮ್ಮನವರು ಎರಡು ಸಲ ಕೇಳಿದರು. ಜೀಪಿನಲ್ಲಿ ಹೋಗಿ ಬರಲು ದಿನಗಳು ಬೇಕು. ಇವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಇವರು ಈಗ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ದಿಂಬು ಪೇರಿಸಿ, ಅದಕ್ಕೆ ಒರಗಿ, ಬಾಯಿ ತೆರೆದು ಕೂರುತ್ತಿದ್ದರು.

ಅಲ್ಲಿನ ಆಸ್ಪತ್ರೆಯ ಡಾಕ್ಟರು ನೋಡಿ, ಹೊಗೆಯಿಂದ ಹೆಚ್ಚಾಗಿದೆ, ಊರಿಗೆ ಕರೆದುಕೊಂಡು ಹೋಗಿ ಎಂದರು. "ಊರಿನಿಂದ ಗಾಳಿ ಬದಲಾಯಿಸಾಕ ಬಂದೀವಿ" ಎಂದು ಹೇಗೋ ತಿಳಿಸಿದೆ. ಅವರು ನಮ್ಮ ಹಳೆಯ ಚೀಟಿ ತಿರುಗಿಸಿ ನೋಡಿದರು. ಆಮೇಲೆ ಬಳ್ಳಾರಿಯ ಡಾಕ್ಟರು ಬರೆದಿದ್ದ ಪಂಪನ್ನೇ ಬರೆದರು. ಹೆಸರು ಮಾತ್ರ ಬೇರೆ. ಅಲ್ಲಿ ಕಾಯುತ್ತಿದ್ದ ಸಾಲಿನಲ್ಲಿ ಎಲ್ಲರೂ ನಮ್ಮವರ ಹಾಗೆಯೇ ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈಯೂರಿ ಕೂತಿದ್ದರು.

ಹೊರಡುವ ದಿನ ಇವರು ಪಡಸಾಲೆಯಲ್ಲಿ ನಿಂತು ಆ ಫೋಟೋಕ್ಕೆ ಕೈ ಮುಗಿದರು. ಮಾಯಾ ಅದನ್ನು ಕಂಡು ಒಳಗೆ ಹೋಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಬಂದು, ತನ್ನದೇ ತಪ್ಪು ಎನ್ನುವ ಹಾಗೆ, ದಾರಿಗೆ ಬಿಸಿನೀರಿನ ಫ್ಲಾಸ್ಕು ತುಂಬಿಕೊಟ್ಟಳು.

ದೇವಘಾಟ

ಗಂಡಕಿಯನ್ನು ಮುಟ್ಟದೆ ಹಿಂದಿರುಗಲು ನನಗೆ ಮನಸ್ಸಾಗಲಿಲ್ಲ. ಮುಕ್ತಿನಾಥನ ಪಕ್ಕದಿಂದ ಹರಿದು ಬರುವ ನೀರೇ ಕೆಳಗೆ ದೇವಘಾಟದಲ್ಲಿ ಸಿಗುತ್ತದೆ, ಮರಳುವ ದಾರಿಯಲ್ಲೇ ಇದೆ ಎಂದು ಮಾಯಾ ಹೇಳಿದ್ದಳು. ಬಾಡಿಗೆ ಕಾರಿನಲ್ಲಿ ಹೋದೆವು. ಹೊಗೆ ಅಲ್ಲಿಯೂ ಇತ್ತು. ಆಚೆ ದಡ ಕಾಣದ ನದಿ, ಸಮುದ್ರದ ಹಾಗೆ. ಮೆಟ್ಟಿಲಿನ ಮೇಲೆ ಇವರನ್ನು ಕೂರಿಸಿ ಶಲ್ಯವನ್ನು ನೀರಿಗೆ ಇಳಿಸಿದೆ. ನೀರು ತಣ್ಣಗಿತ್ತು. ಮೇಲೆ ಎಲ್ಲೋ ಹಿಮ ಇದೆ ಎನ್ನುವುದಕ್ಕೆ ನನಗೆ ಸಿಕ್ಕ ಸಾಕ್ಷಿ ಅಷ್ಟೇ.

ಹಸಿ ಶಲ್ಯ ಎದೆಗೆ ಹೊದಿಸಿದಾಗ ಇವರು ಕಣ್ಣು ಮುಚ್ಚಿದರು. ಅಲ್ಲಿನ ಪುರೋಹಿತರು ನಮ್ಮ ಗೋತ್ರ ಕೇಳಿ ಸಂಕಲ್ಪ ಹೇಳಿಸಿದರು. ಏನಾದರೂ ಬಿಡುವುದಿದೆಯೇ ಎಂದು ಕೇಳಿದರು.

ನಾನು ಬೊಗಸೆಯಲ್ಲಿ ನೀರು ಹಿಡಿದು ಕಾಫಿ ಬಿಟ್ಟೆ ಎಂದು ಹೇಳುವಷ್ಟರಲ್ಲಿ ಇವರು ತಮ್ಮ ಕೈ ಚಾಚಿದರು.

"ನೀವೇನು ಬಿಡ್ತೀರಿ?" ಎಂದೆ. "ಸುಮ್ನ ಕೂಡ್ರಿ. ಬಿಡಾಕ ನಿಮ್ಮ ಹತ್ರ ಏನೈತಿ?"

"ಹಾಡು" ಎಂದರು.

"ರೀ, ಹಂಗನಬ್ಯಾಡ್ರಿ. ಅದಕ್ಕಂತನ ಬಂದೀವಿ."

"ಪದ್ಮಾ, ಅದು ಆಗ್ಲೇ ಹೋಗೇತಿ." ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡರು. "ಕಿತ್ಕೊಂಡು ಹೋದ್ರು ಅನ್ನೋದಕ್ಕಿಂತ, ಕೊಟ್ಟೆ ಅಂದ್ರ... ಅಷ್ಟಾದ್ರೂ ಸಮಾಧಾನ."

ಪುರೋಹಿತರಿಗೆ ನಮ್ಮ ಮಾತು ತಿಳಿಯಲಿಲ್ಲ. ಅವರು ನೀರು ಹಾಕಿದರು. ಇವರ ಬೆರಳ ಸಂದಿಯಿಂದ ಅದು ಗಂಡಕಿಗೆ ಇಳಿಯಿತು. ಮುಕ್ತಿನಾಥನಲ್ಲಿ ಒಂದೇ ಒಂದನ್ನು ಕೇಳಲು ಅಷ್ಟು ದೂರ ಹೋದವಳು ನಾನು. ಅದನ್ನೇ ಕೊಟ್ಟು ಬಂದೆವು. ಮೆಟ್ಟಿಲು ಹತ್ತುವಾಗ ನಾನು ಯಾವ ದೇವರ ಹೆಸರನ್ನೂ ಹೇಳಲಿಲ್ಲ. ಹೇಳಬೇಕೆನಿಸಲಿಲ್ಲ.

ಮತ್ತೆ ಬಳ್ಳಾರಿ

ಗಂಡಕಿಯಿಂದ ನಾವು ತಂದ ತೀರ್ಥಕ್ಕೆಂದು ಮೊದಲು ಬಂದವನು ರಾಘು. ಯಾತ್ರೆ ಮಾಡಿ ಬಂದವರ ಕಾಲಿಗೆ ಬೀಳುವುದು ಪುಣ್ಯ ಎಂದು ಬಾಗಿದ. ಅಂಗಿಯಲ್ಲಿ ಅದೇ ವಾಸನೆ. ಇವರು ಆಶೀರ್ವಾದಕ್ಕೆ ಎತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ರಾಘು ಗಾಬರಿಯಾಗಿ ಹಿಂದೆ ಸರಿದು ಬಾಗಿಲಿಗೆ ಹೋಗಿ ನಿಂತ.

"ಉಳಿದಿದ್ದ ಗದ್ದಿ ತುಂಡು ನಿನ್ನೆ ಹಚ್ಚಿದ್ವಿ, ಅಕ್ಕಾ. ಮೈ ತೊಳಕೊಂಡು ಬಂದೀನಿ, ಅಂಗಿ ಬದಲು ಮಾಡ್ಲಿಲ್ಲ."

"ಇನ್ನ ಮುಂದ?"

ಅವನು ತೀರ್ಥ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡ. "ನೋಡೂಣು" ಎಂದ. ಚಹಾ ಕುಡಿಯದೆ ಹೋದ.

ಗುರುವಾರ ನಸುಕಿನಲ್ಲಿ ತಾಳದ ಸದ್ದು ಕೇಳಿತು. ನಾನು ಎದ್ದದ್ದು ಕಿಟಕಿ ಮುಚ್ಚಲು. ಆ ಹೊತ್ತಿಗೆ ಬ್ರೂಸ್‌ಪೇಟೆಯ ಅಂಗಡಿಗಳ ಕಸ ಗುಡಿಸಿ ಮೂಲೆಮೂಲೆಯಲ್ಲಿ ಬೆಂಕಿ ಇಡುತ್ತಾರೆ, ಸಂತೆಗೆ ಬರುವ ಲಾರಿಗಳು ಓಣಿಯ ಬಾಯಲ್ಲೇ ನಿಂತು ಗುರುಗುಡುತ್ತವೆ. ದೇವರ ಮುಂದಿನ ಧೂಪವನ್ನೂ ನಾನೀಗ ಹಚ್ಚುವುದಿಲ್ಲ. ತಮ್ಮನಿಗೆ ಹೊಗೆ ಬಿಡು ಎಂದವಳು ನಾನು, ನನ್ನ ಕೈಯಲ್ಲಿ ಬಿಡಲು ಇದ್ದದ್ದು ಅಷ್ಟೇ.

ಕಿಟಕಿಯ ಬಾಗಿಲು ಎಳೆದೊಡನೆ ಹಾಡೂ ಸಣ್ಣದಾಯಿತು. ಇವರು ದಿಂಬಿಗೆ ಒರಗಿದ್ದಲ್ಲಿಂದಲೇ ಕೈ ಎತ್ತಿ, ತೆಗೆ ಎಂದು ಸನ್ನೆ ಮಾಡಿದರು.

"ಹೊಗಿ ಬರ್ತೈತ್ರಿ."

ಮತ್ತೆ ಅದೇ ಸನ್ನೆ.

ಗಂಡಕಿಯ ಶಲ್ಯವನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ತಂದು, ಕಿಟಕಿಯ ಸರಳಿಗೆ ಅಗಲಕ್ಕೆ ಕಟ್ಟಿದೆ. ಆಮೇಲೆ ಬಾಗಿಲು ತೆರೆದೆ. ಹಾಡು ಬಟ್ಟೆಯ ಆಚೆಗೆ ಬಂದು ನಿಂತಿತು. ಮಂಡಳಿಯವರು ನಮ್ಮ ಮನೆಯ ಮುಂದೆ ಬಂದಾಗ ಸ್ವಲ್ಪ ಹೊತ್ತು ಬರೀ ತಾಳ ಹಾಕಿದರು. ಅದು ಇವರು ಎತ್ತಬೇಕಾದ ಜಾಗ. ಇವರ ಬೆರಳು ಹಾಸಿಗೆಯ ಅಂಚಿನ ಮೇಲೆ ಎಣಿಕೆ ತಪ್ಪದೆ ಬಡಿಯುತ್ತಿತ್ತು. ತುಟಿ ಬಿಗಿಯಾಗಿ ಮುಚ್ಚಿತ್ತು. ಹೊರಗೆ ಬೇರೆ ಯಾರೋ ಎತ್ತಿಕೊಂಡರು. ಕೇಳಿಸುತ್ತದಲ್ಲ, ಅದೊಂದಾದರೂ ಇದೆ ಎಂದುಕೊಂಡೆ.

ಬಿಸಿಲೇರಿದ ಮೇಲೆ ಶಲ್ಯ ಬಿಚ್ಚಿ ಬಕೆಟ್ಟಿನಲ್ಲಿ ಜಾಲಿಸಿದೆ. ಇವರು ಆ ತೂಗುಕಟ್ಟೆಯ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ. ನೀರು ಇನ್ನೂ ಕೆಂಪಗೆ ಬಂತು.